11 ಹಾಸಿಗೆಯ ಆಸ್ಪತ್ರೆಯ ಆಡಳಿತಗಾರ



1976ರಲ್ಲಿ ಮಧುರೆಯ ಸರ್ಕಾರಿ ನೇತ್ರವೈದ್ಯರೊಬ್ಬರು 58 ತುಂಬಿ ನಿವೃತ್ತರಾದರು. ಪದ್ಮಶ್ರೀ ಮೂರು ವರ್ಷದ ಹಿಂದೆಯೇ ಬಂದಿತ್ತು. ಪಿಂಚಣಿ ತೆಗೆದುಕೊಂಡು ಸುಖವಾಗಿ ಇರಬಹುದಿತ್ತು. ಡಾ. ಗೋವಿಂದಪ್ಪ ವೆಂಕಟಸ್ವಾಮಿ ಅದೇ ವರ್ಷ ಮನೆಯೊಂದರಲ್ಲಿ 11 ಹಾಸಿಗೆ ಹಾಕಿ ಕಣ್ಣಿನ ಆಸ್ಪತ್ರೆ ತೆರೆದರು. ಬ್ಯಾಂಕಿನವರು ಸಾಲ ಕೊಡಲಿಲ್ಲ. ನಿವೃತ್ತ ಮನುಷ್ಯ, ಅರ್ಧಕ್ಕರ್ಧ ಜನರಿಗೆ ಪುಕ್ಕಟೆ ಆಪರೇಷನ್ ಮಾಡುತ್ತೇನೆ ಅನ್ನುತ್ತಾರೆ, ಯಾವ ಮ್ಯಾನೇಜರ್ ತಾನೇ ಸಹಿ ಹಾಕಿಯಾನು? ಮನೆ ಅಡವಿಗೆ ಹೋಯಿತು, ಒಡಹುಟ್ಟಿದವರ ಒಡವೆಯೂ ಹೋಯಿತು. ತಂಗಿ ಡಾ. ನಾಚ್ಚಿಯಾರ್, ಆಕೆಯ ಪತಿ ಡಾ. ನಂಪೆರುಮಾಳ್‌ಸಾಮಿ ಜೊತೆಗೆ ನಿಂತರು. ವೆಂಕಟಸ್ವಾಮಿಯವರು ಶ್ರೀ ಅರವಿಂದರ ಅನುಯಾಯಿಯಾದ್ದರಿಂದ ಆಸ್ಪತ್ರೆಗೆ ಅರವಿಂದ್ ಎಂದೇ ಹೆಸರಿಟ್ಟರು.

ಇವರ ಬದುಕನ್ನು ಹೇಳುವವರೆಲ್ಲ ಸಾಮಾನ್ಯವಾಗಿ ಇವರ ಸೊಟ್ಟಗಾದ ಬೆರಳುಗಳಿಂದ ಶುರು ಮಾಡುತ್ತಾರೆ. ಅದನ್ನು ಬಿಟ್ಟು ಮುಂದೆ ಹೋಗುವುದೂ ಕಷ್ಟವೇ. 1918ರಲ್ಲಿ ತಮಿಳುನಾಡಿನ ಎಟ್ಟಯಪುರದ ಹತ್ತಿರದ ವಡಮಲಾಪುರದಲ್ಲಿ ರೈತರ ಮನೆಯಲ್ಲಿ ಹುಟ್ಟಿದವರು, ಮರಳಿನ ಮೇಲೆ ಅಕ್ಷರ ತಿದ್ದಿದವರು. ನೆಂಟರಲ್ಲಿ ಮೂವರು ಹೆಣ್ಣುಮಕ್ಕಳು ಬಸಿರು ಬಾಣಂತನದಲ್ಲೇ ತೀರಿಹೋದದ್ದನ್ನು ಕಂಡು ಹೆರಿಗೆ ವೈದ್ಯನಾಗಬೇಕೆಂದುಕೊಂಡರು. ಮದ್ರಾಸಿನ ಸ್ಟ್ಯಾನ್ಲಿ ಮೆಡಿಕಲ್ ಕಾಲೇಜಿನಲ್ಲಿ 1944ಕ್ಕೆ ಪದವಿ ಮುಗಿಸಿ, ಸೇನೆಯ ವೈದ್ಯಕೀಯ ದಳ ಸೇರಿದರು. ಅಷ್ಟರಲ್ಲಿ ತೀವ್ರವಾದ ಸಂಧಿವಾತ ಬಂದು ಬೆರಳುಗಳೆಲ್ಲ ಸೊಟ್ಟಗಾದವು. ಹೆರಿಗೆ ಮಾಡಿಸುವ ಕೆಲಸ ಆ ಕೈಗೆ ಸಾಧ್ಯವಿರಲಿಲ್ಲ. ನೇತ್ರಚಿಕಿತ್ಸೆ ಕಲಿತರು. ಆ ಕೈಗೆ ಒಗ್ಗುವ ಉಪಕರಣಗಳನ್ನು ಮಾಡಿಸಿಕೊಂಡು, ಜೀವಮಾನದಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಕಣ್ಣಿನ ಶಸ್ತ್ರಚಿಕಿತ್ಸೆ ಮಾಡಿದರು.

ಇಷ್ಟು ಕೇಳಿದವರು ಚಪ್ಪಾಳೆ ತಟ್ಟಿ ಎದ್ದುಬಿಡುತ್ತಾರೆ. ಆದರೆ ಇಂದು ಆಸ್ಪತ್ರೆ ಆಡಳಿತದಲ್ಲಿ ಪದವಿ ಪಡೆಯುತ್ತಿರುವವರು ಇನ್ನೊಂದಿಷ್ಟು ಹೊತ್ತು ಕೂರಬೇಕು. ಒಬ್ಬ ಶಸ್ತ್ರವೈದ್ಯ ಎಷ್ಟೇ ದುಡಿದರೂ ಲಕ್ಷದ ಲೆಕ್ಕಕ್ಕೆ ನಿಲ್ಲುತ್ತಾನೆ. ಅರವಿಂದ್ ಅಲ್ಲಿಗೆ ನಿಲ್ಲಲಿಲ್ಲ. 11 ಹಾಸಿಗೆ ಮರುವರ್ಷ 30 ಆಯಿತು, 1981ರ ಹೊತ್ತಿಗೆ 250. ಆಮೇಲೆ ಥೇಣಿ, ತಿರುನೆಲ್ವೇಲಿ, ಕೊಯಮತ್ತೂರು, ಪುದುಚೇರಿ. ಇಷ್ಟೂ ಬೆಳೆದದ್ದು ವೆಂಕಟಸ್ವಾಮಿಯವರೊಳಗಿದ್ದ ಆಡಳಿತಗಾರನಿಂದ.

ಆಪರೇಷನ್ ಥಿಯೇಟರಿನ ಒಳಗೆ ನೋಡಿದರೆ ಇದು ಗೊತ್ತಾಗುತ್ತದೆ. ಒಬ್ಬ ವೈದ್ಯರಿಗೆ ಅಕ್ಕಪಕ್ಕ ಎರಡು ಟೇಬಲ್. ಒಂದರ ಮೇಲೆ ಪೊರೆ ತೆಗೆಯುತ್ತಿರುವಾಗಲೇ ಇನ್ನೊಂದರಲ್ಲಿ ಮುಂದಿನ ರೋಗಿಯನ್ನು ಮಲಗಿಸಿ, ಕಣ್ಣು ಶುಚಿ ಮಾಡಿ, ಬಟ್ಟೆ ಹೊದಿಸಿ ಸಿದ್ಧವಾಗಿಟ್ಟಿರುತ್ತಾರೆ. ಈ ಕಡೆ ಕೆಲಸ ಮುಗಿದ ಕೂಡಲೇ ಮೈಕ್ರೋಸ್ಕೋಪಿನ ತೋಳು ಆ ಕಡೆಗೆ ತಿರುಗುತ್ತದೆ. ವೈದ್ಯರು ಕಾಯುವುದಿಲ್ಲ, ಫೈಲ್ ಹುಡುಕುವುದಿಲ್ಲ. ಒಂದು ಗಂಟೆಯಲ್ಲಿ ಆರೆಂಟು ಶಸ್ತ್ರಚಿಕಿತ್ಸೆ ನಡೆಯುವುದು ಹೀಗೆ. ಸಿದ್ಧತೆಯ ಕೆಲಸವೆಲ್ಲ ಹಳ್ಳಿಗಳಿಂದ ಬಂದ ಹೆಣ್ಣುಮಕ್ಕಳದು. ಪಿಯುಸಿ ಮುಗಿಸಿದವರನ್ನು ಆರಿಸಿ, ಎರಡು ವರ್ಷ ತರಬೇತಿ ಕೊಟ್ಟು, ದೃಷ್ಟಿ ಪರೀಕ್ಷೆಯಿಂದ ಹಿಡಿದು ಥಿಯೇಟರಿನವರೆಗೆ ಅವರ ಕೈಗೆ ಒಪ್ಪಿಸಿದರು. ಸಿಬ್ಬಂದಿಯಲ್ಲಿ ಬಹುಪಾಲು ಇವರೇ. ಅಮೆರಿಕದ ಮೆಕ್‌ಡೊನಾಲ್ಡ್ಸ್ ಹೋಟೆಲುಗಳು ಎಲ್ಲ ಊರಲ್ಲೂ ಒಂದೇ ಅಚ್ಚಿನಲ್ಲಿ ನಡೆಯುವುದನ್ನು ನೋಡಿ ಬಂದು, ಹಾಗೆಯೇ ಕಣ್ಣಿನ ಚಿಕಿತ್ಸೆ ಏಕಾಗಬಾರದು ಎಂದು ಕೇಳಿದವರು ವೆಂಕಟಸ್ವಾಮಿಯವರು. ಧ್ಯಾನಕ್ಕೆ ಕೂರುವ ಮನುಷ್ಯನ ಬಾಯಲ್ಲಿ ಬರ್ಗರಿನ ಮಾತು! ಕೇಳಿದವರಿಗೆ ವಿಚಿತ್ರವಾಗಿ ಕಂಡಿದ್ದರೆ ಆಶ್ಚರ್ಯವಿಲ್ಲ.

ದುಡ್ಡಿನ ಏರ್ಪಾಡು ಇನ್ನೂ ದಿಟ್ಟ. ಅಲ್ಲಿ ಯಾರೂ ಆದಾಯ ಪ್ರಮಾಣಪತ್ರ ಕೇಳುವುದಿಲ್ಲ. ಹಣ ಕೊಡುವ ಆಸ್ಪತ್ರೆಯ ಬಾಗಿಲೋ ಉಚಿತದ ಬಾಗಿಲೋ, ಆಯ್ಕೆ ರೋಗಿಯದೇ. ಅದೇ ವೈದ್ಯರು ಸರದಿಯಂತೆ ಎರಡೂ ಕಡೆ ಕೆಲಸ ಮಾಡುತ್ತಾರೆ. ವ್ಯತ್ಯಾಸವಿರುವುದು ಕೋಣೆಯಲ್ಲಿ: ಹಣ ಕೊಟ್ಟವರಿಗೆ ಹಾಸಿಗೆ, ಬೇಕಿದ್ದರೆ ಎಸಿ, ಉಚಿತದವರಿಗೆ ನೆಲದ ಮೇಲೆ ಚಾಪೆ. ಚಾಪೆ ಏಕೆ ಎಂದು ಕೇಳುವವರಿದ್ದಾರೆ, ಕೇಳಲೇಬೇಕಾದ ಪ್ರಶ್ನೆ ಅದು. ಆದರೆ ಕತ್ತರಿ ಹಿಡಿಯುವ ಕೈಯಲ್ಲಿ ಭೇದವಿಲ್ಲದಿದ್ದರೆ ಚಾಪೆಯನ್ನು ಕ್ಷಮಿಸಬಹುದು. ಅರ್ಧಕ್ಕಿಂತ ಹೆಚ್ಚು ಶಸ್ತ್ರಚಿಕಿತ್ಸೆಗಳನ್ನು ಉಚಿತವಾಗಿ ಇಲ್ಲವೇ ತೀರ ಕಡಿಮೆ ದರದಲ್ಲಿ ಮಾಡಿಯೂ ಆಸ್ಪತ್ರೆ ತನ್ನ ಖರ್ಚನ್ನು ತಾನೇ ತೂಗಿಸಿಕೊಂಡು ಬಂದಿದೆ.

ಕಣ್ಣಿನ ಕ್ಯಾಂಪು ಅಂದರೆ ಕನ್ನಡಿಗರಿಗೆ ಹೊಸದೇನಲ್ಲ. ಬೀಳಗಿಯಲ್ಲಿ ಹುಟ್ಟಿದ ಡಾ. ಎಂ. ಸಿ. ಮೋದಿಯವರು ಊರೂರು ಸುತ್ತಿ, ಶಾಲೆ ಛತ್ರಗಳಲ್ಲಿ ಸಾಲಾಗಿ ಮಲಗಿಸಿ ಪೊರೆ ತೆಗೆದದ್ದನ್ನು ನಿಮ್ಮ ಅಜ್ಜ ಅಜ್ಜಿಯರು ಕಂಡಿರುತ್ತಾರೆ. ವೆಂಕಟಸ್ವಾಮಿಯವರೂ ಕ್ಯಾಂಪಿನಿಂದಲೇ ಬೆಳೆದವರು. ಆದರೆ ಅರವಿಂದ್‌ನವರು ಒಂದು ವಿಷಯ ಗಮನಿಸಿದರು. ಆಪರೇಷನ್ ಬೇಕು, ಪುಕ್ಕಟೆಯಾಗಿ ಮಾಡುತ್ತೇವೆ ಎಂದು ಹೇಳಿ ಕಳಿಸಿದರೂ ಬಹಳ ಜನ ಬರುತ್ತಲೇ ಇರಲಿಲ್ಲ. ಯಾಕೆಂದು ಹುಡುಕಿದಾಗ ಸಿಕ್ಕ ಕಾರಣಗಳು ದೊಡ್ಡ ಸಿದ್ಧಾಂತಗಳಲ್ಲ: ಬಸ್ ಚಾರ್ಜಿಗೆ ಕಾಸಿಲ್ಲ, ಜೊತೆಗೆ ಬರುವವರ ಕೂಲಿ ತಪ್ಪುತ್ತದೆ, ಊಟಕ್ಕೇನು ಮಾಡುವುದು, ಇದ್ದ ಕಣ್ಣೂ ಹೋದರೆ ಎಂಬ ಭಯ. ಉಚಿತ ಎಂದು ಬೋರ್ಡ್ ಹಾಕಿದ ಮಾತ್ರಕ್ಕೆ ಬಡವರಿಗೆ ಅದು ಉಚಿತವಾಗುವುದಿಲ್ಲ. ಅಂದಿನಿಂದ ಕ್ಯಾಂಪಿನಿಂದಲೇ ಬಸ್ಸು ಹತ್ತಿಸಿ, ಊಟ ಕೊಟ್ಟು, ಊರಿನವರ ಜೊತೆಜೊತೆಯಲ್ಲೇ ಇರಿಸಿ, ವಾಪಸ್ ಬಿಟ್ಟುಬರುವ ಪದ್ಧತಿ ಬಂತು.

ಇನ್ನೊಂದು ಪೆಟ್ಟು ಆಮೇಲೆ ಬಿತ್ತು. ತಾವು ಕ್ಯಾಂಪು ಮಾಡಿದ ಹಳ್ಳಿಗಳಲ್ಲೇ ಅಧ್ಯಯನ ನಡೆಸಿದಾಗ, ಕಣ್ಣಿನ ತೊಂದರೆ ಇದ್ದವರಲ್ಲಿ ಕ್ಯಾಂಪಿಗೆ ಬಂದವರು ನೂರಕ್ಕೆ ಸುಮಾರು 7 ಮಂದಿ ಮಾತ್ರ ಎಂದು ತಿಳಿಯಿತು. 1999ರಲ್ಲಿ ಈ ಅಂಕಿ ಪ್ರಕಟವಾಯಿತು. ಬೇರೆ ಸಂಸ್ಥೆಯಾಗಿದ್ದರೆ ಆ ವರದಿಯನ್ನು ಬೀರುವಿನಲ್ಲಿಟ್ಟು, ಕ್ಯಾಂಪಿನ ಫೋಟೋಗಳನ್ನು ವಾರ್ಷಿಕ ವರದಿಗೆ ಹಾಕಿಕೊಳ್ಳುತ್ತಿತ್ತು. ಇಲ್ಲಿ ಮಾತ್ರ ಆ ಅಧ್ಯಯನ ಬರೆದವರಲ್ಲಿ ಒಬ್ಬರು ಅರವಿಂದ್‌ನ ಆಡಳಿತದವರೇ ಆದ ಆರ್. ಡಿ. ತುಳಸಿರಾಜ್. ಕಲ್ಕತ್ತದ ಐಐಎಂನಲ್ಲಿ ಮ್ಯಾನೇಜ್‌ಮೆಂಟ್ ಓದಿ 1981ರಲ್ಲಿ ಇಲ್ಲಿಗೆ ಬಂದವರು. ಆಮೇಲೆ ಸಣ್ಣ ಊರುಗಳಲ್ಲೇ ಕಾಯಂ ದೃಷ್ಟಿ ಕೇಂದ್ರಗಳು ಬಂದವು. ಅಲ್ಲಿ ಕುಳಿತ ತಂತ್ರಜ್ಞೆ ಕಣ್ಣು ಪರೀಕ್ಷಿಸುತ್ತಾಳೆ, ದೂರದ ಆಸ್ಪತ್ರೆಯ ವೈದ್ಯರು ಕಂಪ್ಯೂಟರ್ ಪರದೆಯ ಮೇಲೆ ರೋಗಿಯ ಜೊತೆ ಮಾತಾಡುತ್ತಾರೆ.

ಲೆನ್ಸಿನ ಕಥೆಯೂ ಇದೇ ಜಾತಿಯದು. ಪೊರೆ ತೆಗೆದವರಿಗೆ ಹಿಂದೆ ಸೋಡಾಬುಡ್ಡಿ ಕನ್ನಡಕವೇ ಗತಿ. ಅದು ಒಡೆದರೆ ಮತ್ತೆ ಕುರುಡು. ಕಣ್ಣಿನೊಳಗೇ ಕೂರಿಸುವ ಲೆನ್ಸ್ ಬಂತು, ಆದರೆ ಹೊರದೇಶದಿಂದ ತರಿಸಿದರೆ ಒಂದಕ್ಕೆ ಸುಮಾರು 100 ಡಾಲರ್. 1992ರಲ್ಲಿ ಮಧುರೆಯಲ್ಲೇ ಅರವಿಂದ್‌ನವರ ಲೆನ್ಸ್ ತಯಾರಿಕಾ ಘಟಕ ಆರೋಲ್ಯಾಬ್ ಶುರುವಾಗಿ ಬೆಲೆ 10 ಡಾಲರ್‌ಗೆ ಇಳಿಯಿತು, ಮುಂದೆ ಇನ್ನೂ ಇಳಿಯಿತು. ಈಗ ಆ ಲೆನ್ಸುಗಳು 100ಕ್ಕೂ ಹೆಚ್ಚು ದೇಶಗಳಿಗೆ ಹೋಗುತ್ತವೆ.

ಈ ಮಾದರಿ ಎಲ್ಲ ಕಾಯಿಲೆಗೂ ಹೊಂದುವುದಿಲ್ಲ. ಪೊರೆ ಒಂದೇ ಸಲಕ್ಕೆ ಮುಗಿಯುವ, ಒಂದೇ ರೀತಿ ಮಾಡಬಹುದಾದ ಚಿಕಿತ್ಸೆ. ಕ್ಯಾನ್ಸರ್, ಮೂತ್ರಪಿಂಡದ ಕಾಯಿಲೆ ವರ್ಷಗಟ್ಟಲೆ ಕಾಡುತ್ತವೆ. ಅಲ್ಲಿ ಎರಡು ಟೇಬಲ್ ಹಾಕಿದರೆ ಆಗುವುದಿಲ್ಲ. ಒಂದು ಕುಟುಂಬವೇ ಬೆನ್ನಿಗೆ ನಿಂತಿತು ಎಂಬುದೂ ನಿಜ. ಹಾಗಾಗಿ ಮಧುರೆಯ ನಕಲನ್ನು ತಂದು ನಿಮ್ಮ ತಾಲ್ಲೂಕು ಆಸ್ಪತ್ರೆಗೆ ಅಂಟಿಸಿ ಎಂದು ಯಾರೂ ಹೇಳುತ್ತಿಲ್ಲ. ಆದರೆ ಇದು ಒಬ್ಬರ ಮೇಲೆಯೇ ನಿಂತ ಮಾದರಿಯೂ ಅಲ್ಲ. ವೆಂಕಟಸ್ವಾಮಿಯವರು 2006ರ ಜುಲೈ 7ರಂದು ತೀರಿಕೊಂಡರು. ಅವರು ಹೋದ ಮೇಲೂ ಆಸ್ಪತ್ರೆ ಕುಂದದೆ ನಡೆಯುತ್ತಿರುವುದೇ ಅವರ ಆಡಳಿತಕ್ಕೆ ಸಿಕ್ಕ ಅಂಕ.

ನಿಮ್ಮಲ್ಲಿ ಕೆಲವರು ದೊಡ್ಡ ಕಾರ್ಪೊರೇಟ್ ಆಸ್ಪತ್ರೆಗಳಿಗೆ, ಕೆಲವರು ಜಿಲ್ಲಾಸ್ಪತ್ರೆಗಳಿಗೆ ಹೋಗುತ್ತೀರಿ. ಎಲ್ಲಿಗೇ ಹೋಗಿ, ಬಂದ ರೋಗಿಗಳ ಲೆಕ್ಕ ಪ್ರತಿದಿನ ಸಂಜೆ ನಿಮ್ಮ ಮೇಜಿಗೆ ತಾನಾಗಿಯೇ ಬರುತ್ತದೆ. ಬರಬೇಕಾಗಿದ್ದು ಬಾರದವರ ಲೆಕ್ಕವನ್ನು ನೀವೇ ಹೋಗಿ ತರಬೇಕು. ಕೆಲಸಕ್ಕೆ ಸೇರಿದ ಮೊದಲ ತಿಂಗಳಲ್ಲೇ, ಆಪರೇಷನ್‌ಗೆ ದಿನ ಗೊತ್ತುಮಾಡಿಕೊಂಡು ಬಾರದೆ ಹೋದ ಹತ್ತು ಜನರ ಮನೆಗೆ ಹೋಗಿ, ಯಾಕೆ ಬರಲಿಲ್ಲ ಎಂದು ಕೇಳಿಕೊಂಡು ಬನ್ನಿ.