ಸರದಿಗೆ ಹೆಸರು ಕೊಡಿ



ಡೌನ್ ಸಿಂಡ್ರೋಮ್ ಇರುವ ಮಗುವನ್ನು ನೋಡಿ "ಯಾರು ಮಾಡಿದ ಪಾಪವೋ" ಎನ್ನುವವರು ಇನ್ನೂ ಇದ್ದಾರೆ. ಅದು ಪಾಪವೂ ಅಲ್ಲ, ಶಾಪವೂ ಅಲ್ಲ. ನಮ್ಮ ಜೀವಕಣಗಳಲ್ಲಿ 46 ವರ್ಣತಂತುಗಳಿರುತ್ತವೆ. ಈ ಮಕ್ಕಳಲ್ಲಿ ಸಾಮಾನ್ಯವಾಗಿ 21ನೆಯದು ಒಂದು ಹೆಚ್ಚಾಗಿ 47 ಇರುತ್ತವೆ. ಇದನ್ನು 1959ರಲ್ಲಿ ಫ್ರಾನ್ಸಿನ ವಿಜ್ಞಾನಿಗಳು ತಿಳಿಸಿದರು. ತಾಯಿಯ ತಪ್ಪು ಏನೂ ಇಲ್ಲ.

ಇವರಲ್ಲಿ ಸುಮಾರು ಅರ್ಧದಷ್ಟು ಮಕ್ಕಳಿಗೆ ಹುಟ್ಟಿನಿಂದಲೇ ಹೃದಯದ ತೊಂದರೆ ಇರುತ್ತದೆ. ಬೇಗ ಪರೀಕ್ಷೆ ಮಾಡಿಸಬೇಕು. ನಡಿಗೆ, ಮಾತು ತಡವಾದರೂ ಕಲಿಯುತ್ತಾರೆ. ಆದರೆ ಆಸ್ಪತ್ರೆಗೆ ಹೋದ ದಿನ ತಾಯಿಯ ಕೂಲಿ ಹೋಗುತ್ತದೆ.

ಇಲ್ಲಿಯೇ ನಮ್ಮ ಕೆಲಸವಿದೆ. ಲೈನಿನಲ್ಲಿ ಸರದಿ ಹಾಕಿಕೊಳ್ಳೋಣ. ಒಬ್ಬರು ಆಸ್ಪತ್ರೆಗೆ ಜೊತೆ ಹೋಗಲಿ. ಒಬ್ಬರು ಸಂಜೆ ಮಗುವಿನ ಹತ್ತಿರ ಕುಳಿತು ಮಾತಾಡಿಸಲಿ. ಓದು ಬಲ್ಲ ಯುವಕರು ಅಂಗವಿಕಲರ ಪ್ರಮಾಣಪತ್ರಕ್ಕೆ ಅರ್ಜಿ ಬರೆದುಕೊಡಲಿ. ಶೇಕಡ 40 ಅಥವಾ ಹೆಚ್ಚು ವೈಕಲ್ಯವೆಂದು ಬರೆದಿದ್ದರೆ, 2016ರ ಕಾನೂನಿನಂತೆ 6ರಿಂದ 18 ವಯಸ್ಸಿನವರೆಗೆ ಉಚಿತ ಶಿಕ್ಷಣದ ಹಕ್ಕು ಉಂಟು.

ಕನಿಕರದ ಮಾತು ಸಾಕು. ಹೆಸರು ಕೊಡಿ, ಕೊಟ್ಟ ಮೇಲೆ ತಪ್ಪಿಸಬೇಡಿ. ನಿಮ್ಮನ್ನು ನಂಬಿಯೇ ಆ ತಾಯಿ ಎಲೆ ಕೀಳಲು ಹೋಗಿರುತ್ತಾಳೆ.