ಹೊಳೆಯ ಮಗು

ಜಪಾನಿನ ಜನಪದರು ಹೊಳೆಯಲ್ಲಿ ವಾಸಿಸುವ ಒಂದು ತುಂಟ ಭೂತವನ್ನು 'ಕಪ್ಪ' ಎಂದು ಕರೆಯುತ್ತಾರೆ. ನಮ್ಮ ಕಪ್ಪಕಾಣಿಕೆಗೂ ಅದಕ್ಕೂ ಸಂಬಂಧವಿಲ್ಲ. ಆ ಹೆಸರಿನ ಅರ್ಥ 'ಹೊಳೆಯ ಮಗು'. ಬಾಲಕನಷ್ಟು ಎತ್ತರ, ಬೆನ್ನಿಗೆ ಆಮೆಯ ಚಿಪ್ಪು, ನೆತ್ತಿಯ ಮೇಲೊಂದು ಕುಳಿ. ಆ ಕುಳಿಯಲ್ಲಿ ನಿಂತ ನೀರಿನಲ್ಲೇ ಅದರ ಬಲವೆಲ್ಲ. ಸೌತೆಕಾಯಿಯೆಂದರೆ ಅದಕ್ಕೆ ಪಂಚಪ್ರಾಣ. ಅದರ ಕೈಗೆ ಸಿಕ್ಕವನು ನಡುಬಗ್ಗಿಸಿ ವಂದಿಸಿದರೆ ಸಾಕು. ಎಷ್ಟಾದರೂ ಜಪಾನಿನ ಭೂತ, ಪ್ರತಿವಂದನೆ ಮಾಡದೆ ಇರಲಾರದು. ಬಾಗಿದೊಡನೆ ನೀರು ಚೆಲ್ಲಿ ನಿತ್ರಾಣವಾಗುತ್ತದೆ.

ಆದರೆ ಈಜಲು ಇಳಿದ ಮಕ್ಕಳನ್ನು ಮಡುವಿಗೆ ಎಳೆಯುವುದೂ ಇದೇ ಭೂತ. ಮಕ್ಕಳ ವಿಷಯದಲ್ಲಿ ನೇರವಾಗಿ ಆಡಲಾಗದ ಮಾತುಗಳನ್ನೆಲ್ಲ ಜನ ಇದರ ಬೆನ್ನಿಗೆ ಹೊರಿಸಿದರೆಂದೇ ನನ್ನ ಎಣಿಕೆ. ಯಾನಾಗಿತ ಕುನಿಯೊ ಅವರು 1910ರಲ್ಲಿ ಪ್ರಕಟಿಸಿದ ತೋನೊ ಸೀಮೆಯ ಕಥೆಗಳಲ್ಲಿ, ಕಪ್ಪನಿಗೆ ಹುಟ್ಟಿತೆನ್ನಲಾದ ವಿಕಾರರೂಪದ ಶಿಶುವನ್ನು ಕಡಿದು ಹೂಳಿದ ಸಂಗತಿ ಬರುತ್ತದೆ. ಹೇಳುವ ದನಿಯಲ್ಲಿ ಕಂಪನವಿಲ್ಲ. ಓದಿದವನಿಗೆ ಸೌತೆಕಾಯಿಯ ನಗೆ ಮತ್ತೆ ಬಾರದು.

ಅಕುತಗಾವ ರ್ಯೂನೊಸುಕೆ ಅವರ 'ಕಪ್ಪ' ಎಂಬ ಕಥೆ 1927ರದು. ಅದರ ಕಪ್ಪಲೋಕದಲ್ಲಿ, ಹುಟ್ಟಲು ಇಷ್ಟವಿದೆಯೇ ಎಂದು ಗರ್ಭದಲ್ಲಿರುವ ಶಿಶುವನ್ನು ತಂದೆಯೇ ಕೇಳುತ್ತಾನೆ. ಒಂದು ಶಿಶು ಒಲ್ಲೆನೆನ್ನುತ್ತದೆ. ತಾಯಿಯ ಬುದ್ಧಿವಿಕಲತೆ ತಮಗೂ ಬಂದೀತೆಂಬ ಭಯದಲ್ಲಿ ಬದುಕಿದ ಆ ಲೇಖಕರು ಅದೇ ವರ್ಷದ ಜುಲೈಯಲ್ಲಿ ತಮ್ಮ ಕೈಯಿಂದಲೇ ಪ್ರಾಣ ಕಳೆದುಕೊಂಡರು.