ಉಣ್ಣಲೊಲ್ಲದ ಹಾವಿನ ಮರಿ

ಹಾವೆಂಬ ಮಾತು ಕೇಳಿದೊಡನೆ ನೀವು ರೇಡಿಯೋವಿನ ಕಿವಿ ಹಿಂಡಿ ಬೇರೊಂದು ನಿಲಯಕ್ಕೆ ತಿರುಗಿಸಿಬಿಟ್ಟೀರೆಂಬ ಭಯ ನನಗಿದೆ. ದಯವಿಟ್ಟು ಸ್ವಲ್ಪ ತಾಳಿ. ನಾನು ಹೇಳಹೊರಟಿರುವುದು ಕಚ್ಚಿದ ಹಾವಿನ ಕಥೆಯಲ್ಲ; ಊಟ ಒಲ್ಲದ ಹಾವಿನ ಮರಿಯೊಂದರ ಕಥೆ. ಮಗು ತುತ್ತು ನುಂಗುತ್ತಿಲ್ಲವೆಂದು ಮರುಗಿದ ತಾಯಂದಿರಿಗೆ ಇದು ಚೆನ್ನಾಗಿ ಅರ್ಥವಾದೀತು.

ನನ್ನ ತಂಗಿಯ ಸಂಸಾರ ಅಮೆರಿಕಾದ ಒಹಾಯೋ ರಾಜ್ಯದ ಕೊಲಂಬಸ್ ನಗರದಲ್ಲಿದೆ. ಕಳೆದ ದಸರಾ ರಜೆಯಲ್ಲಿ ಅಲ್ಲಿಗೆ ಹೋಗಿದ್ದೆ. ಅವಳ ಹನ್ನೆರಡು ವರ್ಷದ ಮಗ ಕಾಲಿಗೆರಗಿ ಎದ್ದವನೆ, “ಮಾವ, ನನ್ನ ಹಾವು ಏನೂ ತಿನ್ನುತ್ತಿಲ್ಲ” ಎಂದ. ಅವನ ಕಣ್ಣು ತುಂಬಿತ್ತು.

ಆ ಹಾವಿಗೆ ಅಲ್ಲಿ ಕಾರ್ನ್ ಸ್ನೇಕ್ ಎನ್ನುತ್ತಾರೆ. ಮೆಕ್ಕೆಜೋಳದ ಹಾವು ಎಂದು ನಾವು ಕರೆಯಬಹುದು. ಅಮೆರಿಕಾದ ಆಗ್ನೇಯ ಭಾಗ ಅದರ ತವರು. ಲಿನೀಯಸ್ ಎಂಬ ವಿಜ್ಞಾನಿ 1766ರಲ್ಲಿಯೇ ಅದಕ್ಕೆ ಶಾಸ್ತ್ರೀಯ ಹೆಸರಿಟ್ಟ. ಕಿತ್ತಳೆ ಮೈ, ಕೆಂಪು ಮಚ್ಚೆ, ವಿಷವಿಲ್ಲ. ನಾವು ಗಿಳಿ ಸಾಕುತ್ತಿದ್ದಂತೆ ಅಲ್ಲಿನ ಕೆಲವರು ಇದನ್ನು ಸಾಕುತ್ತಾರೆ. ನಮ್ಮ ಹುಡುಗನ ಮರಿ ಒಂದಡಿ ಉದ್ದವೂ ಇರಲಿಲ್ಲ, ಪೆನ್ಸಿಲಿಗಿಂತ ತೆಳುವು. ತೂಕ 7 ಗ್ರಾಂ. ಮೊಟ್ಟೆಯೊಡೆದು ಬಂದಮೇಲೆ ಒಮ್ಮೆಯೂ ಬಾಯಿ ತೆರೆಯದ ಮರಿಯನ್ನು ಯಾರೋ ಅವನಿಗೆ ಮಾರಿಬಿಟ್ಟಿದ್ದರು. ನಾಲ್ಕಾರು ಬಾರಿ ತಾನಾಗಿ ತಿಂದ ಮರಿಯನ್ನೇ ಕೊಳ್ಳಬೇಕೆಂಬುದು ಪಾಪ, ಅವನಿಗೆ ಗೊತ್ತಿರಲಿಲ್ಲ.

ಅದರ ಆಹಾರವಾದರೂ ಏನು? ಕಣ್ಣು ಬಿಡದ, ಕೂದಲು ಮೂಡದ ಇಲಿಮರಿ. ಹಿಮಗಟ್ಟಿಸಿದ ಇಲಿಮರಿಗಳನ್ನು ಅಂಗಡಿಯಲ್ಲಿ ಮಾರುತ್ತಾರೆ. ತಂಗಿಯದು ಬೆಳ್ಳುಳ್ಳಿಯನ್ನೂ ಒಳಗೆ ಬಿಟ್ಟುಕೊಳ್ಳದ ಅಡಿಗೆಮನೆ. ಮಗನ ಮೇಲಿನ ಮೋಹಕ್ಕಾಗಿ ಕಾರು ನಿಲ್ಲಿಸುವ ಕೊಟ್ಟಿಗೆಯಲ್ಲಿ ಒಂದು ಪುಟ್ಟ ಫ್ರಿಜ್ಜನ್ನೇ ಬೇರೆ ಇಟ್ಟಿದ್ದಳು. ಹುಡುಗ ದಿನವೂ ಸಂಜೆ ಇಲಿಮರಿಯನ್ನು ಇಕ್ಕಳದಲ್ಲಿ ಹಿಡಿದು ಹಾವಿನ ಮುಂದೆ ಆಡಿಸುವನು. ಅದು ತಲೆಯನ್ನು ಸುರುಳಿಯೊಳಗೆ ಹುದುಗಿಸುವುದು. ಇವನು ಅದನ್ನು ಅಂಗೈಮೇಲೆತ್ತಿಕೊಂಡು ಸಮಾಧಾನ ಹೇಳುವನು!

ಮೂವತ್ತು ವರ್ಷ ಪಾಠ ಹೇಳಿದವನು ನಾನು, ಸುಮ್ಮನಿರುವುದುಂಟೆ? “ತುಟಿಗೆ ತಾಗಿಸಿ ನೋಡು, ಇನ್ನೊಮ್ಮೆ ತಾಗಿಸು” ಎಂದು ಉಪದೇಶ ಮಾಡಿದೆ. ಚಂದಮಾಮನನ್ನು ತೋರಿಸಿ ತುತ್ತಿಡುವ ನಾಡಿನವರಲ್ಲವೆ ನಾವು! ನಾಲ್ಕನೆಯ ದಿನ ತಕ್ಕಡಿ 6 ಗ್ರಾಂ ತೋರಿಸಿತು. ಅಂದು ರಾತ್ರಿ ಹುಡುಗನೂ ಊಟ ಮಾಡಲಿಲ್ಲ.

ಮರುದಿನ ಪ್ರಾಣಿವೈದ್ಯೆಯ ಬಳಿಗೆ ಹೋದೆವು. ಆಕೆ ಮೊದಲು ನೋಡಿದ್ದು ಹಾವನ್ನಲ್ಲ; ನಮ್ಮನ್ನು. ಪೆಟ್ಟಿಗೆಯಲ್ಲಿ ಶಾಖವೆಷ್ಟು? ಅಡಗಲು ಮರೆಯಿದೆಯೆ? ದಿನಕ್ಕೆ ಎಷ್ಟು ಸಲ ಮುಟ್ಟುತ್ತೀರಿ? ಮೂರಕ್ಕೂ ನಮ್ಮಲ್ಲಿ ನೆಟ್ಟಗೆ ಉತ್ತರವಿರಲಿಲ್ಲ.

ಆಕೆ ತಿಳಿಸಿದ್ದರ ಸಾರವಿಷ್ಟು. ಹಾವಿಗೆ ತನ್ನದೇ ಆದ ಮೈಬಿಸಿಯಿಲ್ಲ. ಹೊರಗಿನ ಶಾಖವಿಲ್ಲದಿದ್ದರೆ ತಿಂದದ್ದು ಅರಗುವುದಿಲ್ಲ, ಹಸಿವೂ ಹುಟ್ಟುವುದಿಲ್ಲ. ಪೆಟ್ಟಿಗೆಯ ಒಂದು ತುದಿ ಸುಮಾರು 29 ಡಿಗ್ರಿ ಸೆಂಟಿಗ್ರೇಡ್, ಇನ್ನೊಂದು ತುದಿ 24ರಷ್ಟಿರಬೇಕು. ಎರಡು ಕಡೆಯೂ ಮೈ ಹುದುಗಿಸುವ ಮರೆ ಬೇಕು. ಮೊಟ್ಟೆಯಿಂದ ಬಂದ ಮರಿಯ ಹೊಟ್ಟೆಯಲ್ಲಿ ಅಂಡದ ಹಳದಿಯ ಶೇಷವಿರುತ್ತದೆ. ವಾರ ಹತ್ತು ದಿನಗಳಲ್ಲಿ ಮೊದಲ ಪೊರೆ ಕಳಚುವವರೆಗೆ ಅದಕ್ಕೆ ಅನ್ನ ಬೇಡ. ಆಮೇಲೂ ದಿನವೂ ಒಡ್ಡಬಾರದು. ಐದಾರು ದಿನಕ್ಕೊಮ್ಮೆ ಸಾಕು. ನಡುವೆ ಮುಟ್ಟಲೇಬಾರದು. ದೊಡ್ಡ ಕೈಯೊಂದು ಮೇಲಿನಿಂದ ಇಳಿದು ಬಂದರೆ ಆ ಎಳೆಯ ಜೀವಕ್ಕೆ ಅದು ಹದ್ದಿನ ಕಾಲೇ ಸರಿ.

ಇನ್ನೊಂದು ಮಾತು ನನಗೆ ಬಹಳ ಹಿಡಿಸಿತು. ಕಾಡಿನಲ್ಲಿ ಈ ಜಾತಿಯ ಮರಿಗಳು ಮೊದಲು ತಿನ್ನುವುದು ಪುಟ್ಟ ಓತಿಗಳನ್ನು, ಮರಗಪ್ಪೆಗಳನ್ನು. ಇಲಿಯ ವಾಸನೆ ಕೆಲವು ಮರಿಗಳಿಗೆ ಅನ್ನವೆಂದೇ ತೋರದು. ಹಾವು ನಾಲಗೆ ಚಾಚಿ ಗಾಳಿಯಲ್ಲಿರುವ ವಾಸನೆಯ ಕಣಗಳನ್ನು ಅಂಗುಳಲ್ಲಿರುವ ಒಂದು ಇಂದ್ರಿಯಕ್ಕೆ ಮುಟ್ಟಿಸಿ ಲೋಕವನ್ನು ಅರಿಯುತ್ತದೆ. ಅಮರಕೋಶದಲ್ಲಿ ಹಾವಿಗೆ ‘ಪವನಾಶನ’ ಎಂಬ ಹೆಸರುಂಟು. ಗಾಳಿಯನ್ನು ಉಣ್ಣುವುದು ಎಂದರ್ಥ. ಎಷ್ಟೋ ವರ್ಷ ಮಕ್ಕಳಿಗೆ ಬಾಯಿಪಾಠ ಮಾಡಿಸಿದ್ದೇನೆ. ಹಾವು ಗಾಳಿಯನ್ನು ಉಣ್ಣುವುದಿಲ್ಲ ನಿಜ. ಆದರೆ ಗಾಳಿಯ ರುಚಿ ನೋಡದೆ ಏನನ್ನೂ ಉಣ್ಣುವುದಿಲ್ಲವೆಂದು ಅಂದು ಕಲಿತೆ.

ಮನೆಗೆ ಬಂದು ಶಾಖ ಸರಿಪಡಿಸಿ, ಮರೆ ಕಟ್ಟಿ, ಆರು ದಿನ ಕೈ ಕಟ್ಟಿ ಕುಳಿತೆವು. ಆ ಆರು ದಿನ ಹುಡುಗನಿಗೆ ಆರು ತಿಂಗಳು. ಏಳನೆಯ ಸಂಜೆ ಇಲಿಮರಿಯನ್ನು ಬಿಸಿನೀರಿನಲ್ಲಿಟ್ಟು ಹದಮಾಡಿ, ತೊಳೆದು ಒರೆಸಿ, ಅಂಗಡಿಯಿಂದ ತಂದ ಓತಿಯ ಪೊರೆಯ ಚೂರನ್ನು ಅದಕ್ಕೆ ಉಜ್ಜಿದೆವು. ಉಜ್ಜಿದವನು ನಾನೇ, ಕೈ ನಡುಗಿತೆಂದು ಒಪ್ಪಿಕೊಳ್ಳುತ್ತೇನೆ. ಗಾಳಿಗೆ ತೂತುಗಳಿದ್ದ ಒಂದು ಸಣ್ಣ ಡಬ್ಬಿಯಲ್ಲಿ ಮುದುಡಿದ ಕಾಗದ ಹಾಕಿ, ಹಾವನ್ನೂ ತುತ್ತನ್ನೂ ಒಳಗಿರಿಸಿ, ಪೆಟ್ಟಿಗೆಯ ಬೆಚ್ಚನೆಯ ಕಡೆಗಿಟ್ಟು, ಬಟ್ಟೆ ಮುಚ್ಚಿ, ದೀಪ ಆರಿಸಿ ಹೊರಗೆ ಬಂದೆವು. ಇಣಿಕಿ ನೋಡಕೂಡದೆಂದು ಒಬ್ಬರಿಗೊಬ್ಬರು ಭಾಷೆ ಕೊಟ್ಟೆವು.

ಬೆಳಗ್ಗೆ ತುತ್ತಿರಲಿಲ್ಲ. ಮರಿಯ ನಡುಮೈಯಲ್ಲಿ ಅವರೆಕಾಳಿನಂಥದೊಂದು ಉಬ್ಬಿತ್ತು. ಹುಡುಗ ಕೂಗಲಿಲ್ಲ, ಮೆಲ್ಲಗೆ ಬಟ್ಟೆ ಮುಚ್ಚಿ, ತುದಿಗಾಲಲ್ಲಿ ನಡೆದುಬಂದು ತಾಯಿಯನ್ನು ತಬ್ಬಿಕೊಂಡ.

ಇದನ್ನು ಕೇಳಿ ನಮ್ಮೂರಿನ ಹಾವಿನ ಮರಿಯನ್ನು ಹಿಡಿದು ಸಾಕಹೊರಡಬೇಡಿ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಅದಕ್ಕೆ ಅಡ್ಡಬರುತ್ತದೆ. ಅದರಲ್ಲಿ ವಿಷದ ಮರಿ ಯಾವುದೆಂದು ನಮಗೆ ತಿಳಿಯುವುದೂ ಇಲ್ಲ. ಹಾವಿಗೆ ಹಾಲೆರೆಯುವವರಿಗೂ ಒಂದು ಬಿನ್ನಹ: ಹಾಲು ಅದರ ಆಹಾರವಲ್ಲ, ಅದರ ಹೊಟ್ಟೆಗೆ ಒಗ್ಗುವುದೂ ಇಲ್ಲ. ದಿನಗಟ್ಟಲೆ ನೀರಿಲ್ಲದೆ ಬಾಯಾರಿಸಿದರೆ ಮಾತ್ರ ಬಾಯಿಡುತ್ತದೆ. ನಮ್ಮ ಭಕ್ತಿ ದೊಡ್ಡದು. ಆದರೆ ಉಣ್ಣುವವರ ಹಸಿವನ್ನು ಕೇಳದೆ ಉಣಿಸಿದರೆ ಅದು ಉಪಚಾರವಾಗದು.

ರಜೆ ಮುಗಿಸಿ ಶಾಲೆಗೆ ಬಂದೆ. ನನ್ನ ತರಗತಿಯ ಹಿಂದಿನ ಬೆಂಚಿನಲ್ಲಿ ಬಾಯಿಬಿಡದ ಹುಡುಗನೊಬ್ಬನಿದ್ದಾನೆ. ದಿನವೂ ಅವನ ತಲೆಯ ಮೇಲೆ ನಿಂತು ಪ್ರಶ್ನೆ ಕೇಳುತ್ತಿದ್ದವನು ನಾನು. ಈಗ ಪ್ರಶ್ನೆಯನ್ನು ತರಗತಿಗೆಲ್ಲ ಹಾಕಿ, ಹಲಗೆಯ ಕಡೆಗೆ ತಿರುಗಿ ಬರೆಯುತ್ತ ನಿಲ್ಲುತ್ತೇನೆ. ಮೊನ್ನೆ ಬೆನ್ನ ಹಿಂದಿನಿಂದ ಒಂದು ಸಣ್ಣ ದನಿ ಸರಿಯಾದ ಉತ್ತರ ಹೇಳಿತು. ಯಾರದೆಂದು ತಿರುಗಿ ನೋಡಲಿಲ್ಲ.